ಕರಾವಳಿಯ ಸಣ್ಣ ಘಟಕಗಳಿಗೆ ಪರಿಸರ ಕಾನೂನು: ಕೊಳಚೆ ನೀರು, ಕಸ ಮತ್ತು ಅಪಾಯಕಾರಿ ರಾಸಾಯನಿಕಗಳ ಸಮಗ್ರ ಮಾರ್ಗದರ್ಶಿ

ಕಾರವಾರದ ಬೈತಖೋಲ ಬಂದರಿನ ಬಳಿಯ ಐಸ್ ಪ್ಲಾಂಟ್, ತದಡಿಯ ಮೀನು ಸಂಸ್ಕರಣಾ ಶೆಡ್, ಗೋಕರ್ಣದ ಹೋಮ್‌ಸ್ಟೇ, ಶಿರಸಿಯ ಗ್ಯಾರೇಜು, ಇವುಗಳಲ್ಲಿ ಯಾವುದರ ಮಾಲೀಕರನ್ನು ಕೇಳಿದರೂ ಪಂಚಾಯಿತಿಯ ಅಥವಾ ನಗರಸಭೆಯ ಪರವಾನಗಿಯನ್ನು ತೆಗೆದು ತೋರಿಸುತ್ತಾರೆ. ಪರಿಸರ ಕಾನೂನಿನ ಮಟ್ಟಿಗೆ ಅಷ್ಟಕ್ಕೇ ಕೆಲಸ ಮುಗಿಯುವುದಿಲ್ಲ. ಹಾಗೆಂದು ದೇಶದ ಪರಿಸರ ನಿಯಮಗಳೆಲ್ಲವೂ ಎಲ್ಲರಿಗೂ ಅನ್ವಯಿಸುವುದೂ ಇಲ್ಲ. ತಮಗೆ ಯಾವುದು ಬೇಕು, ಯಾವುದು ಬೇಡ ಎಂಬುದನ್ನು ಕಂಡುಕೊಳ್ಳಲು ಹೆಚ್ಚಿನವರು ಕಾಯ್ದೆಗಳ ಪಟ್ಟಿಯನ್ನು ಹಿಡಿದು ಕೂರುತ್ತಾರೆ. ಅದಕ್ಕಿಂತ ತಮ್ಮ ಆವರಣದಿಂದ ಏನೇನು ಹೊರಗೆ ಹೋಗುತ್ತದೆ, ಎಲ್ಲಿಗೆ ಹೋಗುತ್ತದೆ ಎಂಬುದನ್ನು ಮೊದಲು ಬರೆದುಕೊಳ್ಳುವುದು ಸುಲಭವಾದ ದಾರಿ. ಆ ಬರಹ ಸರಿಯಾಗಿದ್ದರೆ ಅನ್ವಯವಾಗುವ ನಿಯಮಗಳು ತಾವಾಗಿಯೇ ಗೋಚರಿಸುತ್ತವೆ.

ಹಂತ 1: ಆವರಣವನ್ನು ಸುತ್ತಿ ಲೆಕ್ಕ ಬರೆಯುವುದು

ಒಂದು ನೋಟ್‌ಬುಕ್ಕಿನಲ್ಲಿ ಮೂರು ಭಾಗಗಳನ್ನು ಮಾಡಿಕೊಳ್ಳಬೇಕು: ಹೊರಹೋಗುವ ನೀರು, ಹೊರಹೋಗುವ ತ್ಯಾಜ್ಯ, ಒಳಗೆ ಸಂಗ್ರಹಿಸಿಟ್ಟಿರುವ ರಾಸಾಯನಿಕ. ಪ್ರತಿಯೊಂದಕ್ಕೂ ದಿನದ ಅಥವಾ ತಿಂಗಳ ಪ್ರಮಾಣ, ಇಟ್ಟಿರುವ ಜಾಗ, ಕೊನೆಗೆ ಯಾರು ಒಯ್ಯುತ್ತಾರೆ ಎಂಬ ಮೂರು ವಿವರಗಳಿರಲಿ.

ನೀರಿನ ಪ್ರಮಾಣವನ್ನು ಅಂದಾಜಿನಲ್ಲಿ ಬರೆಯಬಾರದು. ಮೀಟರ್ ಇಲ್ಲದ ಕಡೆ 20 ಲೀಟರಿನ ಬಕೆಟ್ಟನ್ನು ಪಂಪಿನ ಬಾಯಿಗೆ ಹಿಡಿದು, ತುಂಬಲು ಎಷ್ಟು ಸೆಕೆಂಡು ಬೇಕಾಯಿತು ಎಂದು ನೋಡಿದರೆ ಸಾಕು. ಹತ್ತು ಸೆಕೆಂಡಿನಲ್ಲಿ ತುಂಬಿದರೆ ಗಂಟೆಗೆ 7,200 ಲೀಟರ್ ಆಯಿತು. ಪಂಪು ಎಷ್ಟು ಗಂಟೆ ಓಡುತ್ತದೆ ಎಂಬುದರಿಂದ ಗುಣಿಸಿದರೆ ದಿನದ ಬಳಕೆ ಸಿಗುತ್ತದೆ. ಇದರಲ್ಲಿ ಐಸಿಗೆ, ಕುಡಿಯಲು, ಶೌಚಾಲಯಕ್ಕೆ, ತೊಳೆಯಲು ಎಷ್ಟೆಷ್ಟು ಹೋಗುತ್ತದೆ ಎಂದು ಬಿಡಿಸಿ ಬರೆದರೆ ಮುಂದೆ ಅರ್ಜಿಯಲ್ಲಿ ಕೇಳುವ ನೀರಿನ ಲೆಕ್ಕಪಟ್ಟಿಯೂ ಸಿದ್ಧವಾದಂತೆಯೇ.

ಈ ಸುತ್ತಾಟವನ್ನು ಬೇಸಿಗೆಯಲ್ಲಿ ಒಮ್ಮೆ, ಜೂನ್–ಜುಲೈನ ಮಳೆಯಲ್ಲಿ ಇನ್ನೊಮ್ಮೆ ಮಾಡಬೇಕು. ಏಪ್ರಿಲಿನಲ್ಲಿ ಒಣಗಿ ಸ್ವಚ್ಛವಾಗಿ ಕಾಣುವ ಗಟಾರವೇ ಮಳೆಗಾಲದಲ್ಲಿ ಎಣ್ಣೆಯ ಬಣ್ಣದ ಪದರವನ್ನು ಹೊತ್ತು ಹಳ್ಳಕ್ಕೆ ಹರಿಯುವುದನ್ನು ಕಾಣಬಹುದು. ಸೂರಿನ ನೀರು ಎಲ್ಲಿ ಬೀಳುತ್ತದೆ, ಅಂಗಳದ ಇಳಿಜಾರು ಯಾವ ಕಡೆಗಿದೆ, ಬಾವಿ ಎಷ್ಟು ದೂರದಲ್ಲಿದೆ ಎಂಬುದನ್ನು ಒಂದು ಕೈನಕ್ಷೆಯಲ್ಲಿ ಗುರುತಿಸಿಕೊಳ್ಳುವುದು ಒಳ್ಳೆಯದು.

ಹಂತ 2: ಜಾಗ ಯಾವ ವಲಯದಲ್ಲಿದೆ ಎಂದು ತಿಳಿಯುವುದು

ಉತ್ತರ ಕನ್ನಡದ ಕರಾವಳಿ ತಾಲ್ಲೂಕುಗಳಲ್ಲಿ ಹೊಸದಾಗಿ ಏನನ್ನಾದರೂ ಕಟ್ಟುವವರು ಕರಾವಳಿ ನಿಯಂತ್ರಣ ವಲಯದ 2019ರ ಅಧಿಸೂಚನೆಯನ್ನು ಮೊದಲು ನೋಡಬೇಕು. ಸಮುದ್ರದ ಉಬ್ಬರದ ಗಡಿಯಿಂದ 500 ಮೀಟರ್‌ವರೆಗಿನ ಭೂಮಿ ಈ ವಲಯದೊಳಗೆ ಬರುತ್ತದೆ. ಗ್ರಾಮೀಣ ಪ್ರದೇಶದಲ್ಲಿ ಜನಸಾಂದ್ರತೆ ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚಿದ್ದರೆ ಸಮುದ್ರದ ಕಡೆಯ ಮೊದಲ 50 ಮೀಟರ್, ಅದಕ್ಕಿಂತ ಕಡಿಮೆ ಇದ್ದರೆ 200 ಮೀಟರ್ ನಿರ್ಮಾಣ ನಿಷೇಧಿತ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಯಂತಹ ನದಿಗಳಲ್ಲಿ ಉಪ್ಪುನೀರು ಏರುವಷ್ಟು ದೂರದ ದಡಗಳಿಗೂ ವಲಯದ ನಿಯಮ ಅನ್ವಯಿಸುತ್ತದೆ ಎಂಬುದನ್ನು ಬಹಳ ಮಂದಿ ಮರೆಯುತ್ತಾರೆ; ಅಲ್ಲಿ 50 ಮೀಟರ್ ಅಥವಾ ನೀರಿನ ಅಗಲ, ಎರಡರಲ್ಲಿ ಯಾವುದು ಕಡಿಮೆಯೋ ಅದು ಲೆಕ್ಕ. ದಡದಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳಿದ್ದರೆ ಆ ಜಾಗ ಇನ್ನೂ ಬಿಗಿಯಾದ ವರ್ಗಕ್ಕೆ ಸೇರುತ್ತದೆ. ಸ್ಥಳೀಯರು ತಮ್ಮ ಹಳೆಯ ಮನೆಯನ್ನು ತಳವಿಸ್ತೀರ್ಣವನ್ನಾಗಲಿ ಹೊರನೋಟವನ್ನಾಗಲಿ ಬದಲಿಸದೆ ಹೋಮ್‌ಸ್ಟೇ ಆಗಿ ನಡೆಸಲು ಇದೇ ಅಧಿಸೂಚನೆ ಅವಕಾಶ ಕೊಟ್ಟಿದೆ. ಪಹಣಿಯ ಸರ್ವೆ ನಂಬರನ್ನು ಅನುಮೋದಿತ ಕರಾವಳಿ ವಲಯ ನಕ್ಷೆಯ ಮೇಲೆ ಗುರುತು ಹಾಕಿಸಿಕೊಂಡ ಮೇಲೆಯೇ ಅಡಿಪಾಯದ ಮಾತನ್ನು ಆಡಬೇಕು.

ಕುಮಟಾ ತಾಲ್ಲೂಕಿನವರಿಗೆ ಇನ್ನೊಂದು ವಿಷಯ. ಅಘನಾಶಿನಿ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದೆ. ಜೌಗು ಪ್ರದೇಶಗಳ 2017ರ ನಿಯಮಗಳು ಇಂತಹ ತಾಣದೊಳಗೆ ಸಂಸ್ಕರಿಸದ ಕೊಳಚೆಯನ್ನು ಬಿಡುವುದನ್ನು, ಘನತ್ಯಾಜ್ಯ ಸುರಿಯುವುದನ್ನು, ಹೊಸ ಕೈಗಾರಿಕೆ ಸ್ಥಾಪಿಸುವುದನ್ನು ಹಾಗೂ ಅಪಾಯಕಾರಿ ರಾಸಾಯನಿಕಗಳನ್ನು ಸಂಗ್ರಹಿಸುವುದನ್ನು ನಿಷೇಧಿಸುತ್ತವೆ. ಬೆಳಚು, ಚಿಪ್ಪಿಗಳನ್ನು ಹೆಕ್ಕಿ ಬದುಕುವ ಕುಟುಂಬಗಳು ಇರುವ ಅಳಿವೆಯಲ್ಲಿ ಈ ನಿಷೇಧಗಳಿಗೆ ತೀರಾ ನೇರವಾದ ಕಾರಣವಿದೆ: ಚಿಪ್ಪಿನ ಜೀವಿಗಳು ನೀರನ್ನು ಸೋಸಿ ತಿನ್ನುವುದರಿಂದ ನೀರಿನಲ್ಲಿರುವ ರೋಗಾಣುಗಳೂ ಲೋಹಗಳೂ ಅವುಗಳ ಮಾಂಸದಲ್ಲಿ ಸೇರಿಕೊಳ್ಳುತ್ತವೆ.

ಹಂತ 3: ಮಂಡಳಿಯ ಸಮ್ಮತಿ

ಜಲ ಮಾಲಿನ್ಯ ಕಾಯ್ದೆ, 1974ರ 25ನೇ ಕಲಮು ಮತ್ತು ವಾಯು ಮಾಲಿನ್ಯ ಕಾಯ್ದೆ, 1981ರ 21ನೇ ಕಲಮಿನ ಪ್ರಕಾರ ಘಟಕವನ್ನು ಕಟ್ಟುವ ಮೊದಲು ಸ್ಥಾಪನಾ ಸಮ್ಮತಿಯನ್ನೂ, ಯಂತ್ರ ಓಡಿಸುವ ಮೊದಲು ಕಾರ್ಯಾಚರಣೆ ಸಮ್ಮತಿಯನ್ನೂ ಪಡೆಯಬೇಕು. ಇದನ್ನು ಕೊಡುವುದು ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ. ಜಿಲ್ಲೆಗೆ ಅದರ ಪ್ರಾದೇಶಿಕ ಕಚೇರಿ ಕಾರವಾರದಲ್ಲಿದೆ. ಅರ್ಜಿಯನ್ನು ಆನ್‌ಲೈನಿನಲ್ಲಿಯೇ ಸಲ್ಲಿಸಬೇಕು.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ಉದ್ಯಮಗಳನ್ನು ಅವುಗಳ ಮಾಲಿನ್ಯ ಸೂಚ್ಯಂಕದ ಮೇಲೆ ಕೆಂಪು, ಕಿತ್ತಳೆ, ಹಸಿರು, ಬಿಳಿ ಎಂದು ವಿಂಗಡಿಸುತ್ತದೆ. 2016ರ ಈ ವಿಂಗಡಣೆಯನ್ನು 2025ರಲ್ಲಿ ಪರಿಷ್ಕರಿಸಿ, ಅಗತ್ಯ ಪರಿಸರ ಸೇವೆಗಳಿಗೆಂದು ನೀಲಿ ವರ್ಗವನ್ನೂ ಸೇರಿಸಲಾಯಿತು. ಹೀಗಾಗಿ ಪಕ್ಕದ ಘಟಕದವರು ಕೆಲವು ವರ್ಷಗಳ ಹಿಂದೆ ಪಡೆದ ಪತ್ರವನ್ನು ನೋಡಿ ನಮ್ಮದೂ ಅದೇ ವರ್ಗ ಎಂದು ತೀರ್ಮಾನಿಸಬಾರದು. ಅರ್ಜಿ ಹಾಕುವ ದಿನ ಜಾರಿಯಲ್ಲಿರುವ ಪಟ್ಟಿಯಲ್ಲಿ ತಮ್ಮ ಉದ್ಯಮದ ವಿವರಣೆಯನ್ನು ಪದಪದವಾಗಿ ಹೊಂದಿಸಿ ನೋಡಬೇಕು. ಮೀನನ್ನು ಬರೀ ಐಸಿನಲ್ಲಿಟ್ಟು ಸಾಗಿಸುವುದಕ್ಕೂ ಸೀಳಿ, ತೊಳೆದು, ಪ್ಯಾಕ್ ಮಾಡುವುದಕ್ಕೂ ವರ್ಗ ಬೇರೆಯಾಗಬಹುದು.

ಅರ್ಜಿಯೊಂದಿಗೆ ಪಹಣಿ ಅಥವಾ ಬಾಡಿಗೆ ಕರಾರು, ಜಾಗದ ನಕ್ಷೆ, ಕೆಲಸದ ಹಂತಗಳ ವಿವರ, ನೀರಿನ ಲೆಕ್ಕ, ಸಂಸ್ಕರಣಾ ವ್ಯವಸ್ಥೆಯ ವಿನ್ಯಾಸ, ಬಂಡವಾಳ ಹೂಡಿಕೆಗೆ ಲೆಕ್ಕಪರಿಶೋಧಕರ ಪ್ರಮಾಣಪತ್ರ ಇವು ಸಾಮಾನ್ಯವಾಗಿ ಬೇಕಾಗುತ್ತವೆ. ಶುಲ್ಕ ಹೂಡಿಕೆಯ ಮೇಲೆ ನಿರ್ಧಾರವಾಗುವುದರಿಂದ ಹೂಡಿಕೆಯನ್ನು ಕಡಿಮೆ ತೋರಿಸುವ ಆಸೆ ಕೆಲವರಿಗೆ ಬರುತ್ತದೆ. ಬ್ಯಾಂಕಿನ ಸಾಲದ ಕಾಗದದಲ್ಲಿ ಬೇರೆ ಮೊತ್ತವಿದ್ದಾಗ ಅದು ಸಿಕ್ಕಿಬೀಳುವುದಕ್ಕೆ ಹೆಚ್ಚು ಕಾಲ ಬೇಕಾಗುವುದಿಲ್ಲ. ಅರ್ಜಿ ಸಲ್ಲಿಸಿ ನಾಲ್ಕು ತಿಂಗಳಾದರೂ ಮಂಡಳಿ ಯಾವ ತೀರ್ಮಾನವನ್ನೂ ತಿಳಿಸದಿದ್ದರೆ ಸಮ್ಮತಿ ಸಿಕ್ಕಿದೆ ಎಂದೇ ಭಾವಿಸಲು ಜಲ ಕಾಯ್ದೆ ಅವಕಾಶ ಕೊಡುತ್ತದೆ. ಆದರೆ ನಡುವೆ ಮಂಡಳಿ ಕೇಳಿದ ಸ್ಪಷ್ಟೀಕರಣಕ್ಕೆ ಉತ್ತರಿಸದೆ ಕೂತು ಈ ಅವಕಾಶವನ್ನು ನೆಚ್ಚಿಕೊಳ್ಳುವುದು ಜಾಣತನವಲ್ಲ.

ಸಮ್ಮತಿ ಪತ್ರ ಕೈಗೆ ಬಂದ ಮೇಲೆ ಅದನ್ನು ಚೌಕಟ್ಟು ಹಾಕಿ ಗೋಡೆಗೆ ನೇತುಹಾಕುವ ಮೊದಲು ಷರತ್ತುಗಳ ಪುಟಗಳನ್ನು ಓದಬೇಕು. ದಿನಕ್ಕೆ ಎಷ್ಟು ಉತ್ಪಾದನೆ, ಎಷ್ಟು ಲೀಟರ್ ಕೊಳಚೆ, ಯಾವ ಮಿತಿಯೊಳಗೆ, ಎಲ್ಲಿಗೆ ಬಿಡಬೇಕು, ಪತ್ರದ ಅವಧಿ ಎಷ್ಟು ಎಂಬುದೆಲ್ಲ ಅಲ್ಲಿಯೇ ಇರುತ್ತದೆ. ಎರಡು ಟನ್ನಿಗೆ ಸಮ್ಮತಿ ಪಡೆದು ಮೀನಿನ ಹಂಗಾಮಿನಲ್ಲಿ ನಾಲ್ಕು ಟನ್ ಸಂಸ್ಕರಿಸಿದರೆ ಅದು ಸಮ್ಮತಿ ಇಲ್ಲದ ಕೆಲಸವೇ ಆಗುತ್ತದೆ.

ಹಂತ 4: ಕೊಳಚೆ ನೀರು

ಮೀನು ತೊಳೆದ ನೀರಿನಲ್ಲಿ ರಕ್ತ, ಕೊಬ್ಬು, ಕರುಳಿನ ತುಣುಕು, ಹುರುಪೆ ಇರುತ್ತವೆ. ಇವು ಕೊಳೆಯುವಾಗ ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಸೂಕ್ಷ್ಮಜೀವಿಗಳು ಬಳಸಿಬಿಡುತ್ತವೆ. ಎಷ್ಟು ಆಮ್ಲಜನಕ ಬೇಕಾಗುತ್ತದೆ ಎಂಬ ಅಳತೆಯೇ ಬಿ.ಓ.ಡಿ. ಪರಿಸರ ಸಂರಕ್ಷಣಾ ನಿಯಮಗಳು, 1986ರ ಆರನೇ ಅನುಸೂಚಿಯ ಸಾಮಾನ್ಯ ಮಿತಿಗಳ ಪ್ರಕಾರ ಒಳನಾಡಿನ ಹೊಳೆ, ಕೆರೆಗಳಿಗೆ ಬಿಡುವ ನೀರಿನ ಬಿ.ಓ.ಡಿ. ಲೀಟರಿಗೆ 30 ಮಿಲಿಗ್ರಾಂ, ಎಣ್ಣೆ–ಜಿಡ್ಡು 10 ಮಿಲಿಗ್ರಾಂ ಮೀರಬಾರದು. ಕರಾವಳಿಯ ಸಮುದ್ರಕ್ಕೆ ಬಿಡುವಾಗ ಅವು ಕ್ರಮವಾಗಿ 100 ಮತ್ತು 20. ಸಿ.ಓ.ಡಿ., ಅಂದರೆ ರಾಸಾಯನಿಕ ವಿಧಾನದಿಂದ ಅಳೆಯುವ ಆಮ್ಲಜನಕದ ಬೇಡಿಕೆ, ಎರಡೂ ಕಡೆ 250. ಆಮ್ಲ–ಕ್ಷಾರದ ಅಳತೆಯಾದ ಪಿ.ಎಚ್. 5.5ರಿಂದ 9ರೊಳಗಿರಬೇಕು. ಸಮ್ಮತಿ ಪತ್ರದಲ್ಲಿ ಇದಕ್ಕಿಂತ ಬಿಗಿಯಾದ ಮಿತಿಯನ್ನು ಬರೆದಿದ್ದರೆ ಅದೇ ಅಂತಿಮ.

ಸಂಸ್ಕರಣೆಯ ಅರ್ಧ ಕೆಲಸ ನೆಲದ ಮೇಲೆಯೇ ಮುಗಿಯಬೇಕು. ಪೈಪಿನಿಂದ ನೀರು ಹಾಯಿಸಿ ಹುರುಪೆ, ಕರುಳನ್ನೆಲ್ಲ ಗಟಾರಕ್ಕೆ ತಳ್ಳುವ ರೂಢಿ ಬಿಟ್ಟು, ಮೊದಲು ಒಣ ನೆಲದಲ್ಲಿಯೇ ರಬ್ಬರ್ ಪಟ್ಟಿಯಿಂದ ಎಳೆದು ಕ್ರೇಟಿಗೆ ತುಂಬಿ, ಆಮೇಲೆ ತೊಳೆಯಬೇಕು. ಗಟಾರದ ಬಾಯಿಗೆ ಜಾಲರಿ, ಅದರ ನಂತರ ಜಿಡ್ಡು ತಡೆಯುವ ತೊಟ್ಟಿ, ನಂತರ ಬೇರೆ ಬೇರೆ ಹೊತ್ತಿನ ನೀರನ್ನು ಸಮಗೊಳಿಸುವ ತೊಟ್ಟಿ, ಅದಾದ ಮೇಲೆ ಗಾಳಿ ಊದುವ ಜೈವಿಕ ಸಂಸ್ಕರಣೆ ಎಂಬ ಕ್ರಮದಲ್ಲಿ ವ್ಯವಸ್ಥೆಯಿರಲಿ. ಜಾಲರಿ ದಿನವೂ, ಜಿಡ್ಡಿನ ತೊಟ್ಟಿ ವಾರಕ್ಕೊಮ್ಮೆಯಾದರೂ ಸ್ವಚ್ಛವಾಗದಿದ್ದರೆ ಮುಂದಿನ ಯಂತ್ರ ಎಷ್ಟೇ ದುಬಾರಿಯದಾದರೂ ಪ್ರಯೋಜನವಿಲ್ಲ. ನೆಲ ತೊಳೆಯಲು ಬ್ಲೀಚಿಂಗ್ ಪೌಡರನ್ನು ಕೈಬಿಚ್ಚಿ ಸುರಿಯುವುದೂ ಒಂದು ಸಮಸ್ಯೆ, ಏಕೆಂದರೆ ಕ್ಲೋರಿನ್ ಸಂಸ್ಕರಣಾ ತೊಟ್ಟಿಯ ಸೂಕ್ಷ್ಮಜೀವಿಗಳನ್ನೇ ಕೊಲ್ಲುತ್ತದೆ. ಬಾವಿಯ ನೀರನ್ನು ಬೆರೆಸಿ ತೆಳ್ಳಗೆ ಮಾಡಿದರೆ ಪ್ರಯೋಗಾಲಯದ ವರದಿಯಲ್ಲಿ ಸಂಖ್ಯೆ ಇಳಿಯಬಹುದು, ಆದರೆ ಅದನ್ನು ಯಾವ ಅಧಿಕಾರಿಯೂ ಸಂಸ್ಕರಣೆ ಎಂದು ಒಪ್ಪುವುದಿಲ್ಲ; ನೀರಿನ ಲೆಕ್ಕಪಟ್ಟಿಯೇ ಅದನ್ನು ಹೊರಗೆಡಹುತ್ತದೆ. ಮಳೆನೀರಿನ ಗಟಾರವನ್ನು ಕೊಳಚೆಯ ಗಟಾರದಿಂದ ಪೂರ್ತಿ ಬೇರ್ಪಡಿಸುವುದು ನಮ್ಮ ಜಿಲ್ಲೆಯ ಮಳೆಯಲ್ಲಿ ಬೇರೆಲ್ಲದಕ್ಕಿಂತ ಮುಖ್ಯ, ಇಲ್ಲವಾದರೆ ಒಂದು ರಾತ್ರಿಯ ಮಳೆಗೆ ತೊಟ್ಟಿಗಳೆಲ್ಲ ಉಕ್ಕಿ ಹರಿಯುತ್ತವೆ.

ಹೋಮ್‌ಸ್ಟೇ, ಲಾಡ್ಜ್‌ಗಳವರ ಮುಖ್ಯ ಚಿಂತೆ ಶೌಚಾಲಯದ ನೀರು. ಚಿರೆಕಲ್ಲಿನ ನೆಲ ನೀರನ್ನು ಬೇಗ ಕೆಳಗೆ ಬಿಡುತ್ತದೆ, ಇಂಗುಗುಂಡಿಯಿಂದ ಬಾವಿಗೆ ದಾರಿ ಹತ್ತಿರವಾಗುತ್ತದೆ. ತಳ ಮುಚ್ಚಿದ ಸೆಪ್ಟಿಕ್ ಟ್ಯಾಂಕು ಕಟ್ಟಿಸಿ, ತುಂಬಿದಾಗ ಸ್ಥಳೀಯ ಸಂಸ್ಥೆಯ ಒಪ್ಪಿಗೆ ಇರುವ ಹೀರುಯಂತ್ರದ ವಾಹನವನ್ನೇ ಕರೆಸಿ, ಎಲ್ಲಿ ಖಾಲಿ ಮಾಡಿದರು ಎಂಬ ರಸೀದಿ ಪಡೆಯಬೇಕು. ಟ್ಯಾಂಕಿನೊಳಗೆ ಮನುಷ್ಯರನ್ನು ಇಳಿಸಿ ಸ್ವಚ್ಛಗೊಳಿಸುವುದು ಕೈಯಿಂದ ಮಲ ಬಾಚುವುದನ್ನು ನಿಷೇಧಿಸುವ 2013ರ ಕಾಯ್ದೆಯ ಪ್ರಕಾರ ಅಪರಾಧ.

ಹಂತ 5: ಕರಿ ಆಯಿಲ್ ಮತ್ತು ಅದರ ಬಳಗ

ಗ್ಯಾರೇಜಿನಲ್ಲಿ, ದೋಣಿಯ ಎಂಜಿನ್ನಿನಲ್ಲಿ, ಜನರೇಟರಿನಲ್ಲಿ ಬದಲಿಸಿದ ಹಳೆಯ ಎಣ್ಣೆಯನ್ನು ನಮ್ಮಲ್ಲಿ ಯಾರೂ ತ್ಯಾಜ್ಯವೆಂದೇ ಎಣಿಸುವುದಿಲ್ಲ. ಬೇಲಿಗೂಟಕ್ಕೆ, ಜಂತೆಗೆ, ಗೆದ್ದಲಿಗೆ ಬಳಿಯಲು ಕೇಳಿ ಒಯ್ಯುವವರು ಇದ್ದೇ ಇರುತ್ತಾರೆ. ಆದರೆ ಅಪಾಯಕಾರಿ ಮತ್ತು ಇತರ ತ್ಯಾಜ್ಯಗಳ 2016ರ ನಿಯಮಗಳ ಮೊದಲನೇ ಅನುಸೂಚಿಯಲ್ಲಿ ಬಳಸಿದ ಎಣ್ಣೆಗೆ 5.1, ಎಣ್ಣೆ ಹತ್ತಿದ ಬಟ್ಟೆ, ಫಿಲ್ಟರಿನಂತಹ ಉಳಿಕೆಗಳಿಗೆ 5.2 ಎಂಬ ಕ್ರಮಸಂಖ್ಯೆಯೇ ಇದೆ. ಇವನ್ನು ಉತ್ಪಾದಿಸುವ ಘಟಕ ಫಾರಂ 1ರಲ್ಲಿ ಅರ್ಜಿ ಹಾಕಿ ಮಂಡಳಿಯಿಂದ ಅಧಿಕಾರಪತ್ರ ಪಡೆಯಬೇಕು, ಅಧಿಕಾರಪತ್ರವಿರುವ ಮರುಬಳಕೆದಾರರಿಗೆ ಮಾತ್ರ ಕೊಡಬೇಕು.

ಇಡುವ ಬಗೆ ಹೀಗಿರಲಿ. ಕಾಂಕ್ರೀಟ್ ನೆಲ, ಮೇಲೆ ಮಳೆ ಎರಚದಷ್ಟು ಮುಂದೆ ಚಾಚಿದ ಸೂರು, ಸುತ್ತ ಗಿಡ್ಡ ಕಟ್ಟೆ. ಕಟ್ಟೆಯೊಳಗೆ ಅತಿ ದೊಡ್ಡ ಡ್ರಮ್ಮಿನ ಎಣ್ಣೆಯೆಲ್ಲ ಸೋರಿದರೂ ಹಿಡಿಯುವಷ್ಟು, ಅದರ ಮೇಲೆ ಸ್ವಲ್ಪ ಹೆಚ್ಚೇ ಜಾಗವಿರಬೇಕು. ಡ್ರಮ್ಮನ್ನು ನೇರ ನೆಲಕ್ಕೆ ಇಡದೆ ಮರದ ಹಲಗೆಯ ಮೇಲಿಟ್ಟರೆ ತಳ ತುಕ್ಕು ಹಿಡಿಯುವುದು ತಡವಾಗುತ್ತದೆ, ಸೋರಿದ್ದೂ ಕಣ್ಣಿಗೆ ಬೀಳುತ್ತದೆ. ಮುಚ್ಚಳವಿಲ್ಲದ ಡ್ರಮ್ಮನ್ನು ಸೂರಿನ ಅಂಚಿಗೆ ಇಟ್ಟವರ ಅಂಗಳವನ್ನು ಜೂನ್ ತಿಂಗಳಲ್ಲಿ ನೋಡಬೇಕು: ಮಳೆನೀರು ಭಾರವಾದ್ದರಿಂದ ತಳಕ್ಕಿಳಿಯುತ್ತದೆ, ಹಗುರವಾದ ಎಣ್ಣೆ ಮೇಲೇರಿ ಅಂಚಿನಿಂದ ತುಳುಕುತ್ತದೆ, ಕೊನೆಗೆ ಡ್ರಮ್ಮಿನಲ್ಲಿ ನೀರು ಉಳಿದು ಎಣ್ಣೆಯೆಲ್ಲ ಗದ್ದೆಗೆ ಸೇರಿರುತ್ತದೆ. ಡ್ರಮ್ಮಿನ ಮೇಲೆ ಫಾರಂ 8ರ ಲೇಬಲ್ ಅಂಟಿಸಬೇಕು. ಹೊಳೆಯುವ ಹಳದಿ ಹಿನ್ನೆಲೆ, ಅಪಾಯಕಾರಿ ತ್ಯಾಜ್ಯವೆಂದೂ ಎಚ್ಚರಿಕೆಯಿಂದ ನಿರ್ವಹಿಸಬೇಕೆಂದೂ ಹಿಂದಿ, ಇಂಗ್ಲಿಷ್, ಕನ್ನಡಗಳಲ್ಲಿ ಕೆಂಪು ಅಕ್ಷರ, ನೀರಿಗೆ ಅಳಿಸದ ವಸ್ತು ಇವೆಲ್ಲ ನಿಯಮದಲ್ಲಿಯೇ ಇವೆ. ಜೆರಾಕ್ಸ್ ಹಾಳೆಗೆ ಸೆಲೋಟೇಪ್ ಹಚ್ಚಿದರೆ ಮೊದಲ ಮಳೆಗೇ ಕಿತ್ತುಬರುತ್ತದೆ.

ಸಂಗ್ರಹದ ಗಡುವು 90 ದಿನ. ವರ್ಷಕ್ಕೆ ಹತ್ತು ಟನ್ನಿನವರೆಗೆ ಉತ್ಪಾದಿಸುವ ಸಣ್ಣ ಘಟಕಗಳಿಗೆ ಇದನ್ನು 180 ದಿನಗಳವರೆಗೆ ವಿಸ್ತರಿಸಲು ಮಂಡಳಿಗೆ ಅಧಿಕಾರವಿದೆ. ಜಿಲ್ಲೆಯ ಹೆಚ್ಚಿನ ಗ್ಯಾರೇಜುಗಳಿಗೆ ಈ ವಿಸ್ತರಣೆ ಬೇಕಾಗುವುದರಿಂದ ಅಧಿಕಾರಪತ್ರದ ಅರ್ಜಿಯಲ್ಲಿಯೇ ಕೇಳಿಕೊಳ್ಳುವುದು ಒಳ್ಳೆಯದು. ಕಳುಹಿಸುವಾಗ ಫಾರಂ 10ರ ಸಾಗಣೆ ಚೀಟಿಯನ್ನು ಏಳು ಪ್ರತಿಗಳಲ್ಲಿ ತುಂಬಬೇಕು. ಬಿಳಿ ಪ್ರತಿ ಮಂಡಳಿಗೆ, ಸಾಗಣೆದಾರರ ಸಹಿ ಇರುವ ಹಳದಿ ಪ್ರತಿ ನಿಮ್ಮ ಕಡತಕ್ಕೆ. ಮಾಲು ತಲುಪಿದ ಮೇಲೆ ಪಡೆದವರು ನೀಲಿ ಪ್ರತಿಯನ್ನು ನಿಮಗೆ ಹಿಂದಿರುಗಿಸುತ್ತಾರೆ. ಈ ನೀಲಿ ಪ್ರತಿ ಬಾರದಿದ್ದರೆ ಬೆನ್ನುಹತ್ತಿ ಕೇಳಬೇಕು, ಎಣ್ಣೆ ಸರಿಯಾದ ಕಡೆ ಸೇರಿತೆಂಬುದಕ್ಕೆ ನಿಮ್ಮ ಬಳಿ ಉಳಿಯುವ ಸಾಕ್ಷಿ ಅದೊಂದೇ. ಎಣ್ಣೆ ಹತ್ತಿದ ಬಟ್ಟೆಯನ್ನು ನಗರಸಭೆಯ ಕಸದ ಗಾಡಿಗೆ ಹಾಕಬಾರದು. ಹಳೆಯ ಬ್ಯಾಟರಿಗಳು 2022ರ ಪ್ರತ್ಯೇಕ ನಿಯಮಗಳಡಿ ಬರುತ್ತವೆ. ಹೊಸದು ಕೊಳ್ಳುವಾಗ ವ್ಯಾಪಾರಿಗೇ ಹಿಂದಿರುಗಿಸಿ ಬಿಲ್ಲಿನಲ್ಲಿ ಬರೆಸಿಕೊಂಡರೆ ಆಯಿತು.

ಹಂತ 6: ಸಂಗ್ರಹಿಸಿದ ರಾಸಾಯನಿಕ

ಅಪಾಯಕಾರಿ ರಾಸಾಯನಿಕಗಳ ತಯಾರಿಕೆ, ಸಂಗ್ರಹ ಮತ್ತು ಆಮದಿನ 1989ರ ನಿಯಮಗಳು ಭೋಪಾಲ ದುರಂತದ ಬಳಿಕ ಬಂದವು. ಇವುಗಳಡಿ ಜಾಗದ ವಿವರವನ್ನು ಅಧಿಕಾರಿಗಳಿಗೆ ಸಲ್ಲಿಸುವ ಹೊಣೆ ನಿಗದಿತ ಪ್ರಮಾಣ ಮೀರಿದಾಗ ಬರುತ್ತದೆ. ಅಮೋನಿಯಾಕ್ಕೆ ಅದು 60 ಟನ್, ಕ್ಲೋರಿನ್‌ಗೆ 10 ಟನ್. ಸಾಮಾನ್ಯ ಐಸ್ ಪ್ಲಾಂಟಿನಲ್ಲಿ ತಂಪುಗೊಳಿಸಲು ಬಳಸುವ ಅಮೋನಿಯಾ ಅಷ್ಟು ಇರುವುದಿಲ್ಲ. ಆದರೆ ಮಿತಿಗಿಂತ ಕಡಿಮೆ ಎಂದಮಾತ್ರಕ್ಕೆ ಅನಿಲ ಸೌಮ್ಯವಾಗುವುದಿಲ್ಲ, ಕಾರ್ಮಿಕರ ಸುರಕ್ಷತೆಯ ಕಾನೂನು ಹೊಣೆಯೂ ತಪ್ಪುವುದಿಲ್ಲ.

ಐಸ್ ಪ್ಲಾಂಟಿನವರು ಪೂರೈಕೆದಾರರಿಂದ ಸುರಕ್ಷತಾ ಮಾಹಿತಿ ಹಾಳೆಯನ್ನು ಪಡೆದು, ಅದರ ಸಾರವನ್ನು ಕೆಲಸಗಾರರಿಗೆ ಓದಲು ಬರುವ ಭಾಷೆಯಲ್ಲಿ ಗೋಡೆಗೆ ಬರೆಸಬೇಕು. ಕೆಲಸಗಾರರು ಬೇರೆ ರಾಜ್ಯದವರಾದರೆ ಕನ್ನಡದ ಜೊತೆ ಅವರ ಭಾಷೆಯೂ ಇರಲಿ. ಉಸಿರಾಟದ ಮುಖವಾಡವನ್ನು ಕಂಪ್ರೆಸರ್ ಕೋಣೆಯ ಒಳಗಲ್ಲ, ಬಾಗಿಲ ಹೊರಗೆ ತೂಗುಹಾಕಬೇಕು. ಮಾಡಿನ ಮೇಲೆ ಗಾಳಿಯ ದಿಕ್ಕು ತೋರಿಸುವ ಬಟ್ಟೆಯ ಚೀಲ ಇರಲೇಬೇಕು, ಏಕೆಂದರೆ ಕರಾವಳಿಯಲ್ಲಿ ಹಗಲು ಕಡಲಿನಿಂದ, ರಾತ್ರಿ ನೆಲದಿಂದ ಗಾಳಿ ಬೀಸುವುದರಿಂದ ಹಗಲಿನ ಅಭ್ಯಾಸದಲ್ಲಿ ಓಡುವ ದಾರಿಯೇ ರಾತ್ರಿ ಅನಿಲದ ದಾರಿಯಾಗಬಹುದು. ಸೋರಿದ ಅನಿಲದ ಮೇಲೆ ನೀರಿನ ತುಂತುರು ಹಾಯಿಸಿದರೆ ನೀರು ಅಮೋನಿಯಾವನ್ನು ಹೀರುತ್ತದೆ. ನೆಲದಲ್ಲಿ ನಿಂತ ದ್ರವ ಅಮೋನಿಯಾದ ಮೇಲೆ ಮಾತ್ರ ನೀರು ಸುರಿಯಬಾರದು, ಅದು ಇನ್ನಷ್ಟು ರಭಸದಿಂದ ಆವಿಯಾಗುತ್ತದೆ.

ಡೀಸೆಲ್ ಸಂಗ್ರಹಿಸುವವರು ಪೆಟ್ರೋಲಿಯಂ ಕಾಯ್ದೆ, 1934ರ ಮಿತಿಯನ್ನು ನೆನಪಿಡಬೇಕು: ಒಟ್ಟು 2,500 ಲೀಟರ್ ಮೀರದೆ, ಯಾವ ಪಾತ್ರೆಯೂ 1,000 ಲೀಟರಿಗಿಂತ ದೊಡ್ಡದಾಗಿರದಿದ್ದರೆ ಲೈಸೆನ್ಸ್ ಬೇಡ. ಶಿರಸಿ, ಸಿದ್ದಾಪುರದ ಕಡೆ ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ–ಸುಣ್ಣದ ಬೋರ್ಡೋ ದ್ರಾವಣ ಹೊಡೆಯುವ ತೋಟಿಗರಿಗೆ ಮಂಡಳಿಯ ಸಮ್ಮತಿ ಬೇಕಿಲ್ಲ, ಆದರೆ ಮೈಲುತುತ್ತದ ತಾಮ್ರ ಮೀನುಗಳಿಗೆ ವಿಷ. ಉಳಿದ ಮಿಶ್ರಣವನ್ನಾಗಲಿ ಡ್ರಮ್ಮು ತೊಳೆದ ನೀರನ್ನಾಗಲಿ ಹಳ್ಳಕ್ಕೆ ಚೆಲ್ಲಬಾರದು.

ಹಂತ 7: ಕಸ

ಘನತ್ಯಾಜ್ಯ ನಿರ್ವಹಣೆಯ 2016ರ ನಿಯಮಗಳ ಬದಲಿಗೆ 2026ರ ಹೊಸ ನಿಯಮಗಳು 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ ಪ್ರಕಟವಾಗಿವೆ. ಹಸಿ, ಒಣ, ನೈರ್ಮಲ್ಯ ತ್ಯಾಜ್ಯ ಮತ್ತು ವಿಶೇಷ ಎಚ್ಚರಿಕೆಯ ತ್ಯಾಜ್ಯ ಎಂದು ನಾಲ್ಕಾಗಿ ಬೇರ್ಪಡಿಸಬೇಕು. ಬಣ್ಣದ ಡಬ್ಬ, ಬಲ್ಬು, ಅವಧಿ ಮೀರಿದ ಔಷಧಿ ಕೊನೆಯ ಗುಂಪಿನವು. ದಿನಕ್ಕೆ 100 ಕಿಲೋ ಕಸ, ಅಥವಾ 40,000 ಲೀಟರ್ ನೀರಿನ ಬಳಕೆ, ಅಥವಾ 20,000 ಚದರ ಮೀಟರ್ ಕಟ್ಟಡ, ಇವುಗಳಲ್ಲಿ ಯಾವುದೊಂದು ತುಂಬಿದರೂ ದೊಡ್ಡ ಪ್ರಮಾಣದ ಉತ್ಪಾದಕರೆಂಬ ಹೆಚ್ಚಿನ ಹೊಣೆ ಬೀಳುತ್ತದೆ. ಮುರ್ಡೇಶ್ವರ, ಗೋಕರ್ಣದ ದೊಡ್ಡ ವಸತಿಗೃಹಗಳು ಮೊದಲ ಹಂತದ ಬಕೆಟ್ ಲೆಕ್ಕವನ್ನು ಇಲ್ಲಿ ಮತ್ತೆ ತೆಗೆದು ನೋಡಬೇಕು, ಕಸದಲ್ಲಿ ಮಿತಿಯೊಳಗಿದ್ದರೂ ನೀರಿನಲ್ಲಿ ದಾಟಿರಬಹುದು. ಪ್ಲಾಸ್ಟಿಕ್ ಚೀಲದ ದಪ್ಪ 120 ಮೈಕ್ರಾನಿಗಿಂತ ಕಡಿಮೆ ಇರಬಾರದೆಂಬುದು ದೇಶದ ನಿಯಮ. ಕರ್ನಾಟಕದಲ್ಲಿ 2016ರಿಂದಲೇ ದಪ್ಪ ಎಷ್ಟೇ ಇದ್ದರೂ ಪ್ಲಾಸ್ಟಿಕ್ ಕೈಚೀಲಕ್ಕೆ ನಿಷೇಧವಿದೆ. ಕ್ಲಿನಿಕ್ಕು, ಲ್ಯಾಬುಗಳಿಗೆ ಜೈವಿಕ ವೈದ್ಯಕೀಯ ತ್ಯಾಜ್ಯದ 2016ರ ನಿಯಮಗಳಡಿ ಪ್ರತ್ಯೇಕ ಅಧಿಕಾರಪತ್ರ ಬೇಕು, ಹಾಸಿಗೆ ಇಲ್ಲದಿದ್ದರೂ.

ಹಂತ 8: ದಾಖಲೆ, ತಪಾಸಣೆ, ಮೇಲ್ಮನವಿ

ಅಪಾಯಕಾರಿ ತ್ಯಾಜ್ಯದ ದಿನಚರಿಯನ್ನು ಫಾರಂ 3ರಲ್ಲಿ ಬರೆದು, ವಾರ್ಷಿಕ ವಿವರವನ್ನು ಫಾರಂ 4ರಲ್ಲಿ ಜೂನ್ 30ರೊಳಗೆ ಸಲ್ಲಿಸಬೇಕು. ಸಮ್ಮತಿ ಅಥವಾ ಅಧಿಕಾರಪತ್ರ ಪಡೆದ ಘಟಕಗಳ ಪರಿಸರ ವಿವರಣಾ ಪತ್ರ, ಅಂದರೆ ಫಾರಂ 5, ಸೆಪ್ಟೆಂಬರ್ 30ರೊಳಗೆ ಹೋಗಬೇಕು.

ಅಧಿಕಾರಿಗಳು ಕೊಳಚೆಯ ಮಾದರಿ ತೆಗೆಯುವಾಗ ಮಾಲೀಕರು ಅಥವಾ ಅವರ ಪ್ರತಿನಿಧಿ ಖುದ್ದಾಗಿ ನಿಲ್ಲಬೇಕು. ಜಲ ಕಾಯ್ದೆಯ 21ನೇ ಕಲಮಿನ ಪ್ರಕಾರ ವಿಶ್ಲೇಷಣೆಗೆ ಕಳುಹಿಸುವ ಉದ್ದೇಶವನ್ನು ನೋಟಿಸಿನಲ್ಲಿ ತಿಳಿಸಿ, ನಿಮ್ಮ ಎದುರಿನಲ್ಲಿ ಮಾದರಿಯನ್ನು ಎರಡು ಭಾಗ ಮಾಡಿ, ಮೊಹರು ಹಾಕಿ, ಇಬ್ಬರೂ ಸಹಿ ಮಾಡಬೇಕು. ನೀವು ಕೇಳಿದರೆ ಎರಡನೆಯ ಭಾಗ ರಾಜ್ಯದ ಜಲ ಪ್ರಯೋಗಾಲಯಕ್ಕೆ ಹೋಗುತ್ತದೆ. ಕೇಳದೆ ಬಿಟ್ಟು, ವರದಿ ವಿರುದ್ಧವಾಗಿ ಬಂದ ಮೇಲೆ ತಕರಾರು ತೆಗೆಯುವುದರಿಂದ ಉಪಯೋಗ ಕಡಿಮೆ.

ಪರಿಸರ ಸಂರಕ್ಷಣಾ ಕಾಯ್ದೆಯ ಉಲ್ಲಂಘನೆಗೆ 2024ರ ಏಪ್ರಿಲ್ 1ರಿಂದ ಜೈಲಿನ ಬದಲು 10,000 ರೂಪಾಯಿಯಿಂದ 15 ಲಕ್ಷದವರೆಗೆ ದಂಡದ ವ್ಯವಸ್ಥೆ ಬಂದಿದೆ. ಅದಕ್ಕಿಂತ ಬೇಗ ತಟ್ಟುವುದು ಜಲ ಕಾಯ್ದೆಯ 33ಎ ಕಲಮಿನ ಆದೇಶ, ಅದರಲ್ಲಿ ಘಟಕ ಮುಚ್ಚಿಸುವುದಷ್ಟೇ ಅಲ್ಲ, ಕರೆಂಟು, ನೀರಿನ ಸಂಪರ್ಕ ಕಡಿಸುವ ಅಧಿಕಾರವೂ ಇದೆ. ಸಮ್ಮತಿ ನಿರಾಕರಿಸಿದರೆ ಅಥವಾ ಷರತ್ತು ಒಪ್ಪಲಾಗದಿದ್ದರೆ ಆದೇಶ ತಿಳಿದ 30 ದಿನಗಳೊಳಗೆ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬೇಕು. ಅದರ ಮೇಲೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ, ಕರ್ನಾಟಕಕ್ಕೆ ಅದರ ಚೆನ್ನೈ ಪೀಠ.

ಘಟಕವನ್ನು ಮಾರುವವರು ಅಥವಾ ಮುಚ್ಚುವವರು ಬೀಗ ಹಾಕುವ ಮೊದಲು ಉಳಿದ ಎಣ್ಣೆ, ಕೆಸರು, ಅಮೋನಿಯಾ ಎಲ್ಲವನ್ನೂ ಸಾಗಣೆ ಚೀಟಿ ಅಥವಾ ರಸೀದಿಯ ಮೇಲೆ ಕಳುಹಿಸಿ, ಮಂಡಳಿಗೆ ಬರಹದಲ್ಲಿ ತಿಳಿಸಿ, ಸ್ವೀಕೃತಿಯನ್ನು ಕ್ರಯಪತ್ರದ ಕಾಗದಗಳ ಜೊತೆ ಇಟ್ಟುಕೊಳ್ಳಬೇಕು. ಕೊಳ್ಳುವವರೂ ಅದೇ ಕಾಗದಗಳನ್ನು ಮುಂಗಡ ಕೊಡುವ ಮೊದಲೇ ಕೇಳಿ ಪಡೆಯಬೇಕು.